ಕಾಲು ಕುಂಟುವ ಸಾಕು ಕೋಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಹಿತ್ತಲಲ್ಲೋ ಟೆರೇಸ್ ಮೇಲೋ ಒಂದೆರಡು ಕೋಳಿ ಸಾಕಿಕೊಂಡವರು ಫೋನಿನಲ್ಲಿ, ಪತ್ರದಲ್ಲಿ, ಸಂತೆಯಲ್ಲಿ ಸಿಕ್ಕಾಗ ಕೇಳುವ ಪ್ರಶ್ನೆಗಳು ಇವು. ಫಾರಂ ಇಟ್ಟವರಿಗಲ್ಲ, ಕೋಳಿಗೆ ಹೆಸರಿಟ್ಟು ಸಾಕಿದವರಿಗೆ. ನಾನು ಡಾಕ್ಟರಲ್ಲ, ಕೋಳಿ ಸಾಕುವವಳು. ಹಾಗಾಗಿ ಔಷಧಿಯ ಅಳತೆ ಎಲ್ಲೂ ಬರೆದಿಲ್ಲ. ಅದನ್ನು ಕೋಳಿಯ ತೂಕ ನೋಡಿ ಡಾಕ್ಟರೇ ಹೇಳಬೇಕು.

## ಕುಂಟು ಕಂಡ ಮೊದಲ ದಿನ

ನಮ್ಮ ಹ್ಯಾಟೆ ನಿನ್ನೆಯಿಂದ ಕುಂಟ್ತಾ ಇದೆ. ಏನು ಔಷಧಿ ಹಾಕಲಿ?

ಔಷಧಿ ಆಮೇಲೆ. ಮೊದಲು ಕಾಲು ತೊಳೆದು ನೋಡಿ. ಜಾಲಿ ಮುಳ್ಳು ಚುಚ್ಚಿದರೂ ಕೋಳಿ ಕುಂಟುತ್ತದೆ, ನರಕ್ಕೆ ವೈರಸ್ ಹತ್ತಿದರೂ ಕುಂಟುತ್ತದೆ. ಎರಡಕ್ಕೂ ಒಂದೇ ಔಷಧಿ ಆಗುತ್ತಾ?

ಉಗುರುಬೆಚ್ಚಗಿನ ನೀರಲ್ಲಿ ಮಣ್ಣು, ಹಿಕ್ಕೆ ಎಲ್ಲ ಹೋಗುವ ಹಾಗೆ ತೊಳೆಯಿರಿ. ಅಂಗಾಲು ನೋಡಿ. ಬೆರಳ ಸಂದು ಬಿಡಿಸಿ ನೋಡಿ. ಆಮೇಲೆ ಕಾಲಿನ ಗಿಣ್ಣು, ಕೊನೆಗೆ ತೊಡೆ. ಒಳ್ಳೆ ಕಾಲನ್ನೂ ಪಕ್ಕದಲ್ಲೇ ಹಿಡಿದು ಹೋಲಿಸಿ. ಒಂದೇ ಕಾಲು ನೋಡಿದರೆ ಊತ ಯಾವುದು, ಸಹಜ ಯಾವುದು ಗೊತ್ತಾಗುವುದಿಲ್ಲ.

ನಿಮ್ಮ ಬೆರಳನ್ನು ಅದರ ಪಾದದ ಕೆಳಗೆ ಇಡಿ. ಚೆನ್ನಾಗಿರುವ ಕೋಳಿ ಬೆರಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಿಡಿತವೇ ಇಲ್ಲ, ಬೆರಳ ತುದಿ ಚಿವುಟಿದರೂ ಕಾಲು ಎಳೆದುಕೊಳ್ಳುತ್ತಿಲ್ಲ ಅಂದರೆ ತೊಂದರೆ ನರದಲ್ಲಿ ಇರಬಹುದು. ಹಿಡಿತ ಇದೆ, ಆದರೆ ಒಂದು ಜಾಗ ಮುಟ್ಟಿದಾಗ ಒದೆಯುತ್ತದೆ ಅಂದರೆ ನೋವು ಅಲ್ಲೇ ಇದೆ.

ಇನ್ನೊಂದು ಮಾತು. ಕೋಳಿ ನೋವು ತೋರಿಸಿಕೊಳ್ಳುವ ಪ್ರಾಣಿ ಅಲ್ಲ. ನಮ್ಮ ಕಣ್ಣಿಗೆ ಕುಂಟು ಬೀಳುವಷ್ಟರಲ್ಲಿ ಅದು ಎಷ್ಟೋ ದಿನದಿಂದ ತಡೆದುಕೊಂಡಿರುತ್ತದೆ. ‘ನಾಳೆ ನೋಡೋಣ’ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಹಿಡಿಯೋಕೆ ಹೋದ್ರೆ ಮನೆಯೆಲ್ಲ ಅಟ್ಟಾಡಿಸುತ್ತೆ. ಹೇಗೆ ಹಿಡಿಯೋದು?

ಹಗಲು ಅಟ್ಟಬೇಡಿ. ಕತ್ತಲಾಗಿ ಗೂಡು ಸೇರಿದ ಮೇಲೆ ಹೋಗಿ, ಎರಡೂ ರೆಕ್ಕೆ ಮೈಗೆ ಸೇರಿಸಿ ಎತ್ತಿಕೊಳ್ಳಿ. ಹಳೇ ಟವಲ್ ಸುತ್ತಿ ಮಡಿಲಲ್ಲಿ ಕೂರಿಸಿಕೊಂಡರೆ ಸುಮ್ಮನಾಗುತ್ತದೆ. ಸಂತೆಯಲ್ಲಿ ಹಿಡಿಯುವ ಹಾಗೆ ಕಾಲು ಹಿಡಿದು ತಲೆಕೆಳಗೆ ನೇತಾಡಿಸಬೇಡಿ, ಕಾಯಿಲೆ ಇರುವ ಕಾಲಿಗಂತೂ ಅದು ಶಿಕ್ಷೆ. ಎದೆ ಅದುಮಬೇಡಿ. ನಮಗಿರುವಂಥ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಡಿಸುವ ಪರದೆ, ಕೋಳಿಗಿಲ್ಲ, ಎದೆಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಪ್ರೀತಿಯಿಂದ ಬಿಗಿಯಾಗಿ ಅಪ್ಪಿಕೊಂಡರೂ ಉಸಿರುಕಟ್ಟುತ್ತದೆ.

ಮೈ ಮುಟ್ಟಿದ್ರೆ ಸುಡುತ್ತೆ. ಜ್ವರಾನಾ?

ಬಹುಶಃ ಅಲ್ಲ. ಕೋಳಿಯ ಮೈ ಯಾವಾಗಲೂ ನಮಗಿಂತ ಬಿಸಿ, ಸುಮಾರು 41ರಿಂದ 42 ಡಿಗ್ರಿ ಸೆಲ್ಸಿಯಸ್. ಮೈಗಿಂತ ಕಾಲಿನ ಬಿಸಿ ಮುಖ್ಯ. ಒಂದು ಗಿಣ್ಣು ಮಾತ್ರ ಇನ್ನೊಂದಕ್ಕಿಂತ ಬೆಚ್ಚಗಿದ್ದು ಊದಿದ್ದರೆ ಕೀಲಿನೊಳಗೆ ಸೋಂಕು ಇರಬಹುದು. ಅದು ಮನೆಮದ್ದಿಗೆ ಬಗ್ಗುವುದಿಲ್ಲ.

ಬೇರೆ ಕೋಳಿಗಳ ಜೊತೆ ಬಿಡಬಹುದಾ, ಬೇರೆ ಮಾಡ್ಬೇಕಾ?

ಬೇರೆ ಮಾಡಿ, ಆದರೆ ಕಣ್ಣಿಗೆ ಕಾಣುವಷ್ಟು ಹತ್ತಿರ ಇಡಿ. ಕುಂಟುವ ಕೋಳಿಯನ್ನು ಜೊತೆಯವು ಕುಕ್ಕುತ್ತವೆ, ಮೇವಿನ ಹತ್ತಿರ ಬಿಡುವುದಿಲ್ಲ, ಹುಂಜ ಹತ್ತಿದರೆ ಇನ್ನೂ ಕಷ್ಟ. ಹಾಗಂತ ಸ್ಟೋರ್ ರೂಮಿನಲ್ಲಿ ಒಂಟಿಯಾಗಿ ಹಾಕಿದರೆ ಮೇವು ಬಿಡುತ್ತದೆ. ಬಿದಿರಿನ ಪಂಜರ ಮುಚ್ಚಿ ಹಿತ್ತಲಲ್ಲೇ ಇಟ್ಟರೆ ಎರಡೂ ಕೆಲಸ ಆಯ್ತು.

## ಕಾರಣ ಹುಡುಕುವಾಗ

ಒಂದು ಬೆರಳು ಮಾತ್ರ ಊದಿ ಕಪ್ಪಗಾಗಿದೆ. ಹಾವೇನಾದ್ರೂ ಕಚ್ತಾ?

ಹಾವಿಗಿಂತ ಮೊದಲು ದಾರ ಹುಡುಕಿ. ಬಾಚಿ ಎಸೆದ ಕೂದಲು, ಹೊಲಿಗೆ ದಾರ, ದೇವರ ಮನೆಯಿಂದ ತೆಗೆದು ಗಿಡದ ಬುಡಕ್ಕೆ ಹಾಕಿದ ಹೂವಿನ ಮಾಲೆಯ ದಾರ. ಕೋಳಿ ಕೆದಕುವಾಗ ಇದು ಬೆರಳಿಗೆ ಸುತ್ತಿಕೊಂಡು ದಿನಾ ಬಿಗಿಯಾಗುತ್ತದೆ. ಊತದೊಳಗೆ ಹೂತುಹೋದರೆ ಕಾಣುವುದೇ ಇಲ್ಲ. ಬೆರಳಿನ ಬುಡದಲ್ಲಿ ಗೆರೆ ಎಳೆದ ಹಾಗೆ ಒಂದು ತಗ್ಗು ಮಾತ್ರ ಇರುತ್ತದೆ. ಕಾಲು ನೆನೆಸಿ, ಒಳ್ಳೆ ಬೆಳಕಲ್ಲಿ, ಮೊಂಡು ತುದಿಯ ಸಣ್ಣ ಕತ್ತರಿಯಿಂದ ಬಿಡಿಸಿ. ಮಾಂಸದೊಳಗೆ ಇಳಿದಿದ್ದರೆ ಡಾಕ್ಟರ್ ಬಿಡಿಸಲಿ. ಬೆರಳು ಒಣಗಿ ತಣ್ಣಗಾಗಿದ್ದರೆ ಅದು ಉಳಿಯುವುದಿಲ್ಲ. ಒಂದು ಬೆರಳು ಹೋದರೂ ಕೋಳಿ ಆರಾಮಾಗಿ ಓಡಾಡುತ್ತದೆ, ಗಾಬರಿ ಬೇಡ.

ಅಂಗಾಲಲ್ಲಿ ಆಣಿ ಥರ ಕಪ್ಪು ಗಂಟು ಬಂದಿದೆ. ಹಿಸುಕಿ ತೆಗೀಬಹುದಾ?

ಹಿಸುಕಬೇಡಿ. ಸಾಕು ಕೋಳಿಗಳಲ್ಲಿ ತುಂಬಾ ಕಾಣುವ ಕಾಲಿನ ತೊಂದರೆ ಇದು, ಇಂಗ್ಲಿಷ್‌ನಲ್ಲಿ ಬಂಬಲ್‌ಫೂಟ್ ಅಂತಾರೆ. ಪಾದದಲ್ಲಿ ಸಣ್ಣ ಗಾಯವಾಗಿ, ಅದರೊಳಗೆ ಸ್ಟ್ಯಾಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿ, ಮೇಲೆ ಕಪ್ಪು ಹಕ್ಕಳೆ ಕಟ್ಟುತ್ತದೆ. ನಮ್ಮ ಕೀವು ನೀರಾಗಿ ಹರಿಯುತ್ತದೆ, ಹಕ್ಕಿಗಳ ಕೀವು ಗಟ್ಟಿ, ಪನೀರ್ ಚೂರಿನ ಹಾಗೆ. ಹಿಸುಕಿದರೆ ಹೊರಗೆ ಬರುವ ಬದಲು ಒಳಗೆ ಹರಡುತ್ತದೆ. ಆ ಗಟ್ಟಿ ಗೆಡ್ಡೆಯೊಳಕ್ಕೆ ಆಂಟಿಬಯಾಟಿಕ್ ಕೂಡ ಸರಿಯಾಗಿ ಇಳಿಯುವುದಿಲ್ಲ. ‘ಮಾತ್ರೆ ಕೊಟ್ಟರೂ ಹೋಗಲಿಲ್ಲ’ ಅನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಪಾದ ಬರೀ ಕೆಂಪಗಿದ್ದು, ಹಕ್ಕಳೆ ಚಿಕ್ಕದಿದ್ದು, ಕೋಳಿ ಚೆನ್ನಾಗಿ ನಡೆಯುತ್ತಿದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಬೆಚ್ಚಗಿನ ನೀರಿಗೆ ಎಪ್ಸಂ ಉಪ್ಪು ಹಾಕಿ ಹತ್ತು ಹದಿನೈದು ನಿಮಿಷ ಕಾಲು ನೆನೆಸಿ. ಆ ನೀರು ಕುಡಿಯಲು ಬಿಡಬೇಡಿ, ಭೇದಿ ಆಗುತ್ತದೆ. ಪೂರ್ತಿ ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಹತ್ತಿಬಟ್ಟೆಯ ಮೆತ್ತೆ ಇಟ್ಟು ಬ್ಯಾಂಡೇಜ್ ಸುತ್ತಿ. ಬೆರಳ ತುದಿ ಹೊರಗೆ ಕಾಣುತ್ತಿರಲಿ, ಅದು ಊದಿದರೆ ಕಟ್ಟು ಬಿಗಿಯಾಗಿದೆ ಅಂತ ಅರ್ಥ. ದಿನಾ ಬಿಚ್ಚಿ ನೋಡಿ. ಕೈಗೆ ಗ್ಲೌಸ್ ಇರಲಿ, ಈ ಬ್ಯಾಕ್ಟೀರಿಯಾ ನಮ್ಮ ಗಾಯಕ್ಕೂ ಹತ್ತುತ್ತದೆ.

ಬೆರಳ ಸಂದಿಗೆ ಊತ ಏರಿದ್ದರೆ, ಪಾದದ ಮೇಲ್ಭಾಗವೂ ಉಬ್ಬಿದ್ದರೆ, ಕಾಲು ನೆಲಕ್ಕೆ ಊರುತ್ತಿಲ್ಲ ಅಂದರೆ ಮನೆ ಆರೈಕೆ ಸಾಕಾಗುವುದಿಲ್ಲ. ಡಾಕ್ಟರ್ ಕೊಯ್ದು ಗೆಡ್ಡೆ ತೆಗೆಯಬೇಕು. ಬಿಟ್ಟರೆ ಮೂಳೆಗೆ ಇಳಿಯುತ್ತದೆ. ಬ್ಲೇಡ್ ಹಿಡಿದು ನೀವೇ ಮಾಡುವ ವಿಡಿಯೊಗಳು ಬೇಕಾದಷ್ಟಿವೆ. ಅರಿವಳಿಕೆ ಇಲ್ಲದೆ ಪಾದ ಕೊಯ್ಯುವುದು ಹಿಂಸೆ ಅಂತಲೇ ನನ್ನ ಅಭಿಪ್ರಾಯ.

ವಾಸಿಯಾಗಿ ಮತ್ತೆ ಬಂದರೆ ಜಾಗ ನೋಡಿ. ಆರ್‌ಸಿಸಿ ಟೆರೇಸ್, ತಂತಿ ಜಾಲರಿ ನೆಲ, ಎತ್ತರದ ಕಾಂಪೌಂಡ್ ಗೋಡೆಯಿಂದ ದಿನಾ ಧುಮುಕುವುದು, ಜೊತೆಗೆ ಮೈ ತೂಕ. ಕೂರುವ ಅಡ್ಡಪಟ್ಟಿ ಸುಮಾರು ಎರಡು ಇಂಚು ಅಗಲ ಇರಲಿ, ಅಂಚು ಉಜ್ಜಿ ನುಣುಪು ಮಾಡಿ, ನೆಲದಿಂದ ಒಂದು ಒಂದೂವರೆ ಅಡಿಗಿಂತ ಮೇಲೆ ಬೇಡ.

ಕಾಲಿನ ಹುರುಪೆ ಎದ್ದು ಸುಣ್ಣ ಮೆತ್ತಿದ ಹಾಗೆ ಆಗಿದೆ. ವಯಸ್ಸಾಗಿದ್ದಕ್ಕಾ?

ಅಲ್ಲ, ಅದು ನುಸಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಹುರುಪೆಯ ಕೆಳಗೆ ಸುರಂಗ ಕೊರೆದು ಅಲ್ಲೇ ಸಂಸಾರ ಹೂಡುತ್ತದೆ. ಬಿಟ್ಟರೆ ಕಾಲು ದಪ್ಪವಾಗಿ, ಬೆರಳು ಸೊಟ್ಟಗಾಗಿ ಕುಂಟು ಬರುತ್ತದೆ. ಸೋಪು ನೀರಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆತ್ತಗೆ ಉಜ್ಜಿ, ಒರೆಸಿ, ಗಿಣ್ಣಿನಿಂದ ಬೆರಳ ತುದಿವರೆಗೆ ವ್ಯಾಸಲೀನ್ ದಪ್ಪಗೆ ಬಳಿಯಿರಿ. ಹುಳುವಿಗೆ ಉಸಿರುಕಟ್ಟುತ್ತದೆ. ವಾರಗಟ್ಟಲೆ ಬಿಡದೆ ಮಾಡಬೇಕು. ಹುರುಪೆಯನ್ನು ಕಿತ್ತರೆ ರಕ್ತ ಬರುತ್ತದೆ, ತಾನಾಗೇ ಉದುರಲಿ. ಸೀಮೆಎಣ್ಣೆ ಹಚ್ಚುವ ಹಳೇ ಅಭ್ಯಾಸ ಬಿಡಿ, ಚರ್ಮ ಸುಡುತ್ತದೆ. ಜಾಸ್ತಿ ಆಗಿದ್ದರೆ ಹುಳು ಸಾಯಿಸುವ ಐವರ್‌ಮೆಕ್ಟಿನ್ ಔಷಧಿ ಕೊಡಬೇಕಾ ಅಂತ ಡಾಕ್ಟರ್ ಹೇಳುತ್ತಾರೆ. ಒಂದರಿಂದ ಒಂದಕ್ಕೆ ಹರಡುವುದರಿಂದ ಗೂಡಿನಲ್ಲಿರುವ ಎಲ್ಲಕ್ಕೂ ಹಚ್ಚಿ.

ದಿನಾ ರಾಗಿ ಹಾಕ್ತೀವಿ. ಆದ್ರೂ ಕ್ಯಾಲ್ಸಿಯಂ ಕಮ್ಮಿ ಅಂದ್ರಲ್ಲ ಡಾಕ್ಟರು?

ಡಾಕ್ಟರ್ ಹೇಳಿದ್ದು ಸರಿ. ಮಂಡ್ಯ ಕಡೆಯವರು ಒಪ್ಪಿಕೊಳ್ಳಲು ಕಷ್ಟಪಡುವ ಲೆಕ್ಕ ಇದು. ನಮಗೆ ರಾಗಿ ಅಂದರೆ ಗಟ್ಟಿ ಮೂಳೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲಿ ಅದು ಜಾಸ್ತಿಯೇ. ಆದರೆ ಒಂದು ಮೊಟ್ಟೆಯ ಚಿಪ್ಪಿಗೆ ಬೇಕಾಗುವುದು ಸುಮಾರು 2 ಗ್ರಾಂ, ಅಂದರೆ 2000 ಮಿಲಿಗ್ರಾಂ. ಕೋಳಿ ದಿನಕ್ಕೆ ತಿನ್ನುವುದೇ 100 ಗ್ರಾಂ ಆಸುಪಾಸು. ಬರೀ ರಾಗಿ ತಿಂದರೆ ಉಳಿದದ್ದು ಎಲ್ಲಿಂದ ಬರಬೇಕು? ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಮೊದಲು ತೊಗಲು ಮೊಟ್ಟೆ ಇಡುತ್ತದೆ, ಆಮೇಲೆ ಕಾಲು ಸೋಲುತ್ತದೆ. ವಾರಕ್ಕೆ ಐದಾರು ಮೊಟ್ಟೆ ಇಡುವ ತಳಿಗೆ ಈ ಕಷ್ಟ ಜಾಸ್ತಿ. ಆಗಾಗ ಕಾವಿಗೆ ಕೂತು ಬಿಡುವು ಪಡೆಯುವ ನಾಟಿ ಕೋಳಿಗೆ ಕಮ್ಮಿ.

ಮೊಟ್ಟೆ ಇಡುವ ಕೋಳಿಗೆ ಲೇಯರ್ ಮೇವು ಕೊಡಿ. ಅದರಲ್ಲಿ ಕ್ಯಾಲ್ಸಿಯಂ ಶೇಕಡ 3.5ರಿಂದ 4 ಇರುತ್ತದೆ. ಜೊತೆಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ಅದೇ ತಿನ್ನುತ್ತದೆ. ಮನೆಯ ಮೊಟ್ಟೆ ಚಿಪ್ಪನ್ನು ಹುರಿದು ತರಿಯಾಗಿ ಪುಡಿ ಮಾಡಿದರೂ ಆಯ್ತು. ಎಲೆಅಡಿಕೆ ಸುಣ್ಣ ಕಲಸಬೇಡಿ, ಬಾಯಿ ಗಂಟಲು ಸುಡುತ್ತದೆ. ಬಾಲ್ಕನಿಯಲ್ಲೇ ಇರುವ ಕೋಳಿಗೆ ಬೆಳಗಿನ ಬಿಸಿಲು ಬೀಳಬೇಕು, ವಿಟಮಿನ್ ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಮರಿಗೆ, ಹುಂಜಕ್ಕೆ ಮಾತ್ರ ಲೇಯರ್ ಮೇವು ಬೇಡ. ಅವುಗಳ ಕಿಡ್ನಿಗೆ ಅದು ಹೊರೆ.

ಜಾತ್ರೆಯಲ್ಲಿ ಮಗಳಿಗೆ ತಂದ ಬಣ್ಣದ ಮರಿ ಈಗ ಮೂರು ಕೇಜಿ. ಕಾಲು ಮೈ ಹೊರ್ತಾ ಇಲ್ಲ.

ಅದು ಬ್ರಾಯ್ಲರ್ ಮರಿ ಇರಬೇಕು. ಆರು ವಾರಕ್ಕೆ ಎರಡು ಕೇಜಿ ದಾಟಲಿ ಅಂತಲೇ ಬೆಳೆಸಿದ ತಳಿ. ಮಾಂಸ ಬೆಳೆದ ವೇಗಕ್ಕೆ ಮೂಳೆ ಬಲಿಯುವುದಿಲ್ಲ. ಇಡೀ ದಿನ ಬಟ್ಟಲಲ್ಲಿ ಮೇವು ಇಡಬೇಡಿ, ಎರಡು ಹೊತ್ತು ಅಳೆದು ಹಾಕಿ. ಸೊಪ್ಪು ಜಾಸ್ತಿ ಇರಲಿ. ಎತ್ತರ ಹತ್ತಲು ಬಿಡಬೇಡಿ. ಗಿರಿರಾಜದಂಥ ತೂಕದ ತಳಿಗೂ ಇದೇ ಎಚ್ಚರಿಕೆ ಬೇಕು. ಇಷ್ಟು ಮಾಡಿದರೂ ಬ್ರಾಯ್ಲರ್ ಕೋಳಿ ವರ್ಷಗಟ್ಟಲೆ ಬಾಳುವುದು ಅಪರೂಪ. ಮಗಳಿಗೆ ಇದನ್ನು ಈಗಲೇ ಹೇಳಿಬಿಡುವುದು ವಾಸಿ.

ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಮಲಗಿದೆ. ಮೇವು ಮಾತ್ರ ತಿನ್ನುತ್ತೆ. ಏನಿದು?

ಎಳೇ ಕೋಳಿಯಾಗಿದ್ದರೆ, ಅದರಲ್ಲೂ ಎರಡರಿಂದ ಐದು ತಿಂಗಳ ಒಳಗಿದ್ದರೆ, ಮೊದಲ ಅನುಮಾನ ಮ್ಯಾರೆಕ್ಸ್ ರೋಗದ ಮೇಲೆ. ವೈರಸ್ ಕಾಲಿನ ನರವನ್ನು ಊದಿಸುತ್ತದೆ. ಹಾಗಾಗಿ ಕಾಲಲ್ಲಿ ಗಾಯ ಇರುವುದಿಲ್ಲ, ಊತ ಇರುವುದಿಲ್ಲ, ಆದರೂ ಕಾಲು ಬಿದ್ದಿರುತ್ತದೆ. ಔಷಧಿ ಇಲ್ಲ. ಲಸಿಕೆ ಇದೆ, ಮರಿ ಹುಟ್ಟಿದ ಮೊದಲ ದಿನವೇ ಹ್ಯಾಚರಿಯಲ್ಲಿ ಹಾಕುತ್ತಾರೆ. ಹಿತ್ತಲಲ್ಲಿ ಕಾವಿಗೆ ಕೂರಿಸಿ ತೆಗೆದ ಮರಿಗೆ ಯಾರೂ ಹಾಕಿಸಿರುವುದಿಲ್ಲ. ಮನುಷ್ಯರಿಗೆ ಇದು ಹತ್ತುವುದಿಲ್ಲ.

ಕುತ್ತಿಗೆ ತಿರುಚುತ್ತಿದ್ದರೆ, ಹಸಿರು ನೀರು ಹಿಕ್ಕೆ ಇದ್ದರೆ, ಉಸಿರು ಗೊರಗುಟ್ಟುತ್ತಿದ್ದರೆ ಅದು ಕೊಕ್ಕರೆ ರೋಗ ಇರಬಹುದು, ರಾಣಿಖೇತ್ ಅನ್ನುತ್ತಾರಲ್ಲ, ಅದೇ. ಇದು ಗೂಡಿಗೆ ಗೂಡನ್ನೇ ಬಲಿ ತೆಗೆದುಕೊಳ್ಳುತ್ತದೆ. ಉಳಿದ ಕೋಳಿಗಳ ಲಸಿಕೆ ಬಗ್ಗೆ ಅವತ್ತೇ ಪಶು ಆಸ್ಪತ್ರೆಯಲ್ಲಿ ಕೇಳಿ.

ಮರಿ ಬೆರಳು ಒಳಗೆ ಮುದುರಿಕೊಂಡು ಗಿಣ್ಣಿನ ಮೇಲೆ ನಡೀತಿದೆ.

ಬಿ2 ವಿಟಮಿನ್ ಕಮ್ಮಿಯಾದಾಗ ಮರಿಗಳಲ್ಲಿ ಹೀಗಾಗುತ್ತದೆ. ನುಚ್ಚಕ್ಕಿ ಮಾತ್ರ ತಿಂದು ಬೆಳೆದ ಮರಿಗಳಲ್ಲಿ ಮೊದಲು ಇದನ್ನೇ ಅನುಮಾನಿಸಿ. ಬೇಗ ಬಿ ಕಾಂಪ್ಲೆಕ್ಸ್ ಹನಿ ಶುರು ಮಾಡಿದರೆ ಬೆರಳು ಬಿಡಿಸಿಕೊಳ್ಳುತ್ತದೆ, ತಡವಾದರೆ ಹಾಗೇ ಉಳಿಯುತ್ತದೆ.

ಕಾಲು ಚೆನ್ನಾಗೇ ಇತ್ತು, ಬೆಳಗ್ಗೆಯಿಂದ ನೆಟ್ಟಗೆ ನಿಂತು ಬಾಲ ಇಳಿಬಿಟ್ಟಿದೆ. ಮೊಟ್ಟೇನೂ ಇಟ್ಟಿಲ್ಲ.

ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಒಳಗಿನಿಂದ ನರ ಒತ್ತಿದಾಗ ಕಾಲಿನ ತೊಂದರೆಯಂತೆ ಕಾಣುತ್ತದೆ. ಬೆಚ್ಚಗಿನ ನೀರಲ್ಲಿ ಹೊಟ್ಟೆ ಮುಳುಗುವ ಹಾಗೆ ಸ್ವಲ್ಪ ಹೊತ್ತು ಕೂರಿಸಿ, ಒರೆಸಿ, ಕತ್ತಲ ಜಾಗದಲ್ಲಿ ಬಿಡಿ. ಹೊಟ್ಟೆ ಅದುಮಬೇಡಿ, ಒಳಗೆ ಒಡೆದರೆ ಪ್ರಾಣಕ್ಕೇ ಬರುತ್ತದೆ. ಮಧ್ಯಾಹ್ನದೊಳಗೆ ಇಡದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

## ಔಷಧಿ, ಡಾಕ್ಟರ್, ಮೊಟ್ಟೆ

ಮನೇಲಿರೋ ನೋವಿನ ಮಾತ್ರೆ ಸ್ವಲ್ಪ ಕೊಡಬಹುದಾ?

ಬೇಡ. ಮುಖ್ಯವಾಗಿ ಡೈಕ್ಲೋಫೆನಾಕ್ ಹತ್ತಿರವೂ ಹೋಗಬೇಡಿ. ಆ ಔಷಧಿ ಕೊಟ್ಟಿದ್ದ ದನಗಳು ಸತ್ತಾಗ ಅವುಗಳ ಮಾಂಸ ತಿಂದು, ಕಿಡ್ನಿ ಕೆಟ್ಟು, ದೇಶದ ರಣಹದ್ದುಗಳು ಬಹುಪಾಲು ನಾಶವಾದವು. ಪಶುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಪಕ್ಕದ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಿದ್ದು ಗೊತ್ತಲ್ವಾ, ಅಲ್ಲಿ ಉಳಿದಿದ್ದೇ ಬೆರಳೆಣಿಕೆಯಷ್ಟು. ಕೋಳಿಯ ಕಿಡ್ನಿಗೂ ಅದು ಒಳ್ಳೆಯದಲ್ಲ. ಹಕ್ಕಿಗಳ ನೋವಿಗೆ ಡಾಕ್ಟರ್‌ಗಳು ಸಾಮಾನ್ಯವಾಗಿ ಮೆಲಾಕ್ಸಿಕ್ಯಾಮ್ ಬರೆಯುತ್ತಾರೆ.

ನಮ್ಮಜ್ಜಿ ಅರಿಶಿನ ಸುಣ್ಣ ಕಲಸಿ ಹಚ್ಚು ಅಂತಾರೆ.

ಅರಿಶಿನ ಹಚ್ಚಲಿ, ಸುಣ್ಣ ಬೇಡ. ತರಚು ಗಾಯ ತೊಳೆದು ಅರಿಶಿನ ಹಚ್ಚಿದರೆ ನಷ್ಟವೇನಿಲ್ಲ. ತೆರೆದ ಗಾಯಕ್ಕೆ ಸುಣ್ಣ ಬಿದ್ದರೆ ಸುಡುತ್ತದೆ. ಕಾಲಿಗೆ ಬರೆ ಹಾಕುವುದನ್ನಂತೂ ಯಾರು ಹೇಳಿದರೂ ಕೇಳಬೇಡಿ. ಮೂಳೆ ಮುರಿದಾಗ ಬಿದಿರ ಸೀಳು ಇಟ್ಟು ಕಟ್ಟುವುದರಲ್ಲಿ ಮಾತ್ರ ಹಳಬರ ಕೈ ಚೆನ್ನಾಗಿತ್ತು. ಗಿಣ್ಣಿನ ಕೆಳಗೆ ಮುರಿದು, ಚರ್ಮ ಹರಿಯದಿದ್ದರೆ, ಮೆತ್ತೆ ಕೊಟ್ಟು ಸರಿಯಾಗಿ ಕಟ್ಟಿದಾಗ ಸುಮಾರು ಮೂರು ವಾರದಲ್ಲಿ ಕೂಡುತ್ತದೆ. ತೊಡೆ ಮುರಿದರೆ ಅಥವಾ ಮೂಳೆ ಹೊರಗೆ ಕಂಡರೆ ಡಾಕ್ಟರೇ ಆಗಬೇಕು.

ಮುನ್ನೂರು ರೂಪಾಯಿ ಕೋಳಿ ಹಿಡ್ಕೊಂಡು ಆಸ್ಪತ್ರೆಗೆ ಹೋದ್ರೆ ನಗಲ್ವಾ?

ನಗುವವರು ಇರುತ್ತಾರೆ, ‘ಸಾರು ಮಾಡಿ’ ಅನ್ನುವವರೂ ಇರುತ್ತಾರೆ. ಹೋಗಿ. ತಾಲ್ಲೂಕು ಪಶು ಆಸ್ಪತ್ರೆ ಇದೆ, ಜಿಲ್ಲಾ ಕೇಂದ್ರದಲ್ಲಿ ಪಾಲಿಕ್ಲಿನಿಕ್ ಇದೆ. ಸಂಚಾರಿ ಪಶು ಚಿಕಿತ್ಸಾ ಘಟಕಕ್ಕೆ 1962ಕ್ಕೆ ಫೋನ್ ಮಾಡಿ ಕೇಳಬಹುದು. ಹೋಗುವಾಗ ಮೂರು ವಿಷಯ ಬರೆದುಕೊಂಡು ಹೋಗಿ: ಯಾವತ್ತಿನಿಂದ ಕುಂಟು, ಏನು ಮೇವು, ಕೊನೆಯ ಮೊಟ್ಟೆ ಯಾವಾಗ. ನಡೆಯುವಾಗಿನ ವಿಡಿಯೊ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಕೋಳಿ ಹೆದರಿ ಕಲ್ಲಾಗುತ್ತದೆ, ಕುಂಟು ಕಾಣುವುದೇ ಇಲ್ಲ.

ಔಷಧಿ ಕೊಡುವಾಗ ಮೊಟ್ಟೆ ತಿನ್ನಬಹುದಾ?

ಯಾವ ಔಷಧಿ ಅನ್ನುವುದರ ಮೇಲೆ ಹೋಗುತ್ತದೆ. ಎಷ್ಟು ದಿನ ಮೊಟ್ಟೆ, ಮಾಂಸ ಬಿಡಬೇಕು ಅಂತ ಚೀಟಿಯ ಮೇಲೇ ಬರೆಸಿಕೊಳ್ಳಿ. ಆ ದಿನಗಳ ಮೊಟ್ಟೆಯನ್ನು ಪಕ್ಕದ ಮನೆಗೂ ಕೊಡಬೇಡಿ.

## ದಿನೇ ದಿನೇ ಜಾಸ್ತಿಯಾದಾಗ

ಈಗ ಎದ್ದೇ ನಿಲ್ಲಲ್ಲ. ಮಲಗಿದಲ್ಲೇ ಇರೋ ಕೋಳಿಯನ್ನ ಹೇಗೆ ನೋಡ್ಕೊಳ್ಳೋದು?

ಕಷ್ಟದ ಕೆಲಸ, ಆದರೆ ಆಗದ ಕೆಲಸವಲ್ಲ. ಹಾಸಿಗೆ ಮೊದಲು. ಅಕ್ಕಿ ಗಿರಣಿಯ ಭತ್ತದ ಹೊಟ್ಟನ್ನು ನಾಲ್ಕು ಇಂಚು ದಪ್ಪ ಹರಡಿ, ಮೇಲೆ ಹಳೇ ಟವಲ್ ಹಾಕಿ, ಒದ್ದೆಯಾದ ತಕ್ಷಣ ಬದಲಿಸಿ. ನ್ಯೂಸ್‌ಪೇಪರ್ ಜಾರುತ್ತದೆ, ಕಾಲು ಇನ್ನೂ ಅಗಲಕ್ಕೆ ಹೋಗುತ್ತದೆ. ಆಲೆಮನೆಯ ಹಸಿ ರಚ್ಚು, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆ, ಬೇಡ, ಬೂಷ್ಟು ಹಿಡಿದು ಉಸಿರಿನ ತೊಂದರೆ ಬರುತ್ತದೆ.

ದಿನಕ್ಕೆ ನಾಲ್ಕೈದು ಸಲ ಮಗ್ಗುಲು ಬದಲಿಸಿ. ಎದೆಮೂಳೆಯ ಮೇಲೆ ಚರ್ಮ ಕೆಂಪಗಾಗಿದೆಯಾ ನೋಡಿ. ಹಿಂಭಾಗದ ಪುಕ್ಕ ಕತ್ತರಿಸಿ ಬೆಚ್ಚನೆ ನೀರಲ್ಲಿ ತೊಳೆದು ಒಣಗಿಸಿ. ಮಳೆಗಾಲದಲ್ಲಿ ಇದನ್ನು ಬಿಟ್ಟರೆ ನೊಣ ಮೊಟ್ಟೆಯಿಟ್ಟು ಒಂದೆರಡು ದಿನದಲ್ಲಿ ಹುಳ ಬೀಳುತ್ತವೆ. ಕಾಲಿಗಿಂತ ಮೊದಲು ಅದೇ ಕೋಳಿಯನ್ನು ತಿನ್ನುತ್ತದೆ.

ನೀರು, ಮೇವು ಕೊಕ್ಕಿಗೆ ಸಿಗುವಷ್ಟು ಹತ್ತಿರ ಇರಲಿ, ಬಟ್ಟಲು ಮಗುಚದಂಥದ್ದಾಗಿರಲಿ. ಗಂಟಲಿಗೆ ನೀರು ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಕೊಕ್ಕಿನ ತುದಿಗೆ ಹನಿ ಮುಟ್ಟಿಸಿದರೆ ಅದೇ ಕುಡಿಯುತ್ತದೆ. ಸಂಜೆ ಕತ್ತಿನ ಬುಡದ ಕಾಳು ಚೀಲ ಮುಟ್ಟಿ ನೋಡಿ, ತುಂಬಿರಬೇಕು. ಬೆಳಗ್ಗೆ ಖಾಲಿ ಆಗಿರಬೇಕು. ಎರಡು ದಿನಕ್ಕೊಮ್ಮೆ ತೂಕ ಹಾಕಿ ಬರೆದಿಡಿ. ನಮ್ಮ ಕಣ್ಣು ಆಸೆಪಡುತ್ತದೆ, ತಕ್ಕಡಿ ಆಸೆಪಡುವುದಿಲ್ಲ.

ಜೋಲಿ ಕಟ್ಟಿ ನಿಲ್ಲಿಸಬಹುದಾ?

ಕಾರಣ ವಾಸಿಯಾಗುವಂಥದ್ದಾದರೆ ಒಳ್ಳೆಯದು. ಬಟ್ಟೆಗೆ ಕಾಲು ಹೋಗಲು ಎರಡು, ಹಿಕ್ಕೆ ಬೀಳಲು ಒಂದು ತೂತು ಮಾಡಿ, ಪಾದ ನೆಲಕ್ಕೆ ಮುಟ್ಟುವ ಎತ್ತರಕ್ಕೆ ಬುಟ್ಟಿಯ ಅಂಚಿಗೆ ಕಟ್ಟಿ. ಹತ್ತು ನಿಮಿಷದಿಂದ ಶುರು ಮಾಡಿ ನಿಧಾನಕ್ಕೆ ಹೆಚ್ಚಿಸಿ. ಒದ್ದಾಡಿದರೆ ಇಳಿಸಿ.

ಒಂದೇ ಕಾಲಲ್ಲಿ ಬದುಕುತ್ತಾ?

ಹಗುರ ಮೈಯ ನಾಟಿ ಕೋಳಿ ಬದುಕಿದ್ದು ಇದೆ. ಆದರೆ ಪೂರ್ತಿ ಭಾರ ಬಿದ್ದ ಒಳ್ಳೆ ಕಾಲಿಗೇ ಆಣಿ ಬರುವ ಸಾಧ್ಯತೆ ಜಾಸ್ತಿ. ಆ ಪಾದವನ್ನು ವಾರವಾರ ನೋಡುತ್ತಿರಬೇಕು.

ಕಾಲು ನೇರಳೆ ಬಣ್ಣಕ್ಕೆ ತಿರುಗಿದೆ, ಇನ್ನೆರಡು ಕೋಳಿ ಸತ್ತೂ ಹೋದವು.

ಮುಟ್ಟುವುದನ್ನು ಇಲ್ಲಿಗೆ ನಿಲ್ಲಿಸಿ, ಪಶು ಇಲಾಖೆಗೆ ತಿಳಿಸಿ. ಇದ್ದಕ್ಕಿದ್ದಂತೆ ಸಾವು, ತಲೆ ಊತ, ಜುಟ್ಟು ಮತ್ತು ಕಾಲಿನ ನೇರಳೆ ಕಲೆ ಹಕ್ಕಿಜ್ವರದ ಲಕ್ಷಣ. ಮೈಸೂರಿಗೆ ಇದು ಹೊಸತಲ್ಲ, 2020ರ ಮಾರ್ಚ್‌ನಲ್ಲಿ ಕುಂಬಾರಕೊಪ್ಪಲಿನಲ್ಲಿ ಕಾಣಿಸಿಕೊಂಡಿತ್ತು. ಸತ್ತ ಕೋಳಿಯನ್ನು ನಾಲೆಗೆ ಎಸೆಯಬೇಡಿ, ಕೊಯ್ಯಬೇಡಿ.

ಇನ್ನು ಸಾಕು ಅಂತ ಯಾವಾಗ ತೀರ್ಮಾನ ಮಾಡೋದು? ಮನೆಯವರು ಕೊಯ್ದುಬಿಡಿ ಅಂತಾರೆ.

ನಾನು ನೋಡುವುದು ಇಷ್ಟು. ತಾನಾಗಿ ತಿನ್ನುತ್ತದಾ? ನಿಮ್ಮ ದನಿಗೆ ತಲೆ ಎತ್ತುತ್ತದಾ? ಬಿಸಿಲಿಗೆ ಇಟ್ಟರೆ ರೆಕ್ಕೆ ಹರಡಿ, ಪುಕ್ಕ ತೀಡಿಕೊಳ್ಳುತ್ತದಾ? ಇವು ಇರುವವರೆಗೆ ಕಾಲಿಲ್ಲದಿದ್ದರೂ ಕೋಳಿಗೆ ದಿನ ಸಾಗುತ್ತಿದೆ. ತೂಕ ಇಳಿಯುತ್ತಲೇ ಇದ್ದು, ಕಣ್ಣು ಮುಚ್ಚಿಕೊಂಡೇ ಇದ್ದು, ಗಾಯ ಮೇಲೆ ಗಾಯ ಆಗುತ್ತಿದ್ದರೆ ಡಾಕ್ಟರ್ ಹತ್ತಿರ ದಯಾಮರಣದ ಮಾತಾಡಿ. ನೋವಿಲ್ಲದೆ ಮುಗಿಸುವುದು ಅವರಿಗೆ ಗೊತ್ತು. ಮನೆಯಲ್ಲಿ ಕೊಯ್ದು ತಿನ್ನುವ ಯೋಚನೆ ಇದ್ದರೆ, ಕಾಯಿಲೆ ಬಿದ್ದು ಔಷಧಿ ತಿಂದ ಕೋಳಿ ಅದು ಅನ್ನುವುದು ನೆನಪಿರಲಿ. ತಿನ್ನಬೇಡಿ.

ಖಾಲಿಯಾದ ಗೂಡಿಗೆ ಹೊಸ ಮರಿ ಯಾವಾಗ ತರಲಿ?

ಹೋದದ್ದು ಮುಳ್ಳಿನಿಂದಲೋ ಮೂಳೆ ಮುರಿದೋ ಆದರೆ ಯಾವಾಗ ಬೇಕಾದರೂ ತನ್ನಿ. ಮ್ಯಾರೆಕ್ಸ್ ಅನುಮಾನ ಇದ್ದರೆ ಅವಸರ ಬೇಡ. ಆ ವೈರಸ್ ಪುಕ್ಕದ ಧೂಳಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಳೇ ಹೊಟ್ಟನ್ನು ಸುಟ್ಟು, ಗೂಡು ಕೆರೆದು ತೊಳೆದು, ಬಿಸಿಲಿಗೆ ಒಣಗಿಸಿ ಸುಣ್ಣ ಬಳಿಯಿರಿ. ಸುಣ್ಣ ಕೆಲಸಕ್ಕೆ ಬರುವುದು ಇಲ್ಲಿ. ಲಸಿಕೆ ಹಾಕಿದ ಮರಿಯನ್ನೇ ಕೇಳಿ ತನ್ನಿ, ಮೊದಲ ಎರಡು ವಾರ ಹಳೇ ಜಾಗದಿಂದ ದೂರ ಇಡಿ, ಲಸಿಕೆ ಕೆಲಸ ಮಾಡಲು ಸಮಯ ಬೇಕು. ಸಂತೆಯಿಂದ ದೊಡ್ಡ ಕೋಳಿ ತಂದರೆ ನಾಲ್ಕು ವಾರ ಬೇರೆ ಕಡೆ ಇಟ್ಟು, ಅಂಗಾಲು, ಹುರುಪೆ ನೋಡಿ, ಆಮೇಲೆ ಒಳಗೆ ಬಿಡಿ.